ತೊಳೆಯಬಾರದ ಚೂರು

ಬೆಳಗಿನ ಐದೂವರೆ. ಕೊಳ್ಳೇಗಾಲದ ಒಂದು ಪುಟ್ಟ ನರ್ಸಿಂಗ್ ಹೋಮಿನ ಹಿತ್ತಲ ನಲ್ಲಿಯ ಮುಂದೆ ಲೊಕ್ಕನಹಳ್ಳಿಯ ದೊಡ್ಡಮಾದಮ್ಮ ಕುಕ್ಕರಗಾಲಲ್ಲಿ ಕೂತು ಪ್ಲಾಸ್ಟಿಕ್ ಡಬ್ಬಿಯೊಂದರ ಮುಚ್ಚಳ ತಿರುಗಿಸುತ್ತಿದ್ದಾರೆ. ಡಬ್ಬಿಯ ತಳದಲ್ಲಿರುವುದು ಅವರ ಗಂಡ ಚಿಕ್ಕಮಾದಯ್ಯನವರ ಮೂತ್ರಕೋಶದಿಂದ ನಿನ್ನೆ ಸಂಜೆ ಕೆರೆದು ತೆಗೆದ ಗಡ್ಡೆಯ ಚೂರುಗಳು. ಮುಚ್ಚಳ ಸಡಿಲವಾದದ್ದೇ ತಡ, ಫಾರ್ಮಲಿನ್ ಘಾಟು ಕಣ್ಣಲ್ಲಿ ನೀರು ತರಿಸುತ್ತದೆ.

"ಬುಡವ್ವಾ! ಮುಚ್ಚಳ ಮುಚ್ಚು!"

ಗೇಟಿನಿಂದಲೇ ಕೂಗುತ್ತ ಓಡಿಬಂದು ಡಬ್ಬಿ ಕಿತ್ತುಕೊಳ್ಳುವವರು ವಸಂತಮ್ಮ. ವಯಸ್ಸು ಐವತ್ನಾಲ್ಕು, ಮಂಡಿನೋವು ಬೇರೆ. ಆ ಹತ್ತು ಮಾರು ಓಡುವಾಗ ಮಾತ್ರ ಮಂಡಿಯ ನೆನಪು ಬರುವುದಿಲ್ಲ.

"ಇಂಥ ಗಬ್ಬು ನಾತದೊಳ್ಗೆ ಅವರ ಮೈಚೂರು ಇಟ್ಟವ್ರಲ್ಲಕ್ಕ. ಒಳ್ಳೆ ನೀರಲ್ಲಿ ಜಾಲಿಸಿ ಕೊಡವ ಅಂತಿದ್ದೆ" ಎಂದು ದೊಡ್ಡಮಾದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

"ಈ ನಾತನೇ ಅದನ್ನ ಕೊಳೀದಂಗೆ ಕಾಯೋದು ಕಣವ್ವ. ಚೆಲ್ಬುಟ್ರೆ ಎಲ್ಲಾ ಓಯ್ತು."

ವಸಂತಮ್ಮ ಡಬ್ಬಿಯನ್ನು ಆಗತಾನೆ ಮೂಡುತ್ತಿರುವ ಬೆಳಕಿಗೆ ಹಿಡಿದು ನೋಡುತ್ತಾರೆ. ಚೂರುಗಳು ಮುಳುಗಿವೆ, ನೀರು ಮೇಲಿನ ಗೆರೆಯವರೆಗೂ ಇದೆ. ಮುಚ್ಚಳಕ್ಕೆ ಮೂರು ಸುತ್ತು ಟೇಪು ಹಾಕಿ, ಚೀಟಿಯಲ್ಲಿ ಹೆಸರು ಓದಿ, ಬಟ್ಟೆಚೀಲದಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಮೈಸೂರಿನ ಮೊದಲ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ.

ಇಂಥ ಡಬ್ಬಿಗಳನ್ನು ಮೈಸೂರಿನ ಲ್ಯಾಬಿಗೆ ಹೊರುವುದು, ಭಾನುವಾರ ಬಿಟ್ಟರೆ ದಿನವೂ ವಸಂತಮ್ಮನಿಗೆ ಇದೇ ಕೆಲಸ. ಕೊಳ್ಳೇಗಾಲದ ನಾಲ್ಕು ನರ್ಸಿಂಗ್ ಹೋಮ್, ಹನೂರಿನ ಎರಡು ಕ್ಲಿನಿಕ್, ಯಳಂದೂರಿನ ಒಂದು. ಯಾರದೋ ಎದೆಯ ಗಂಟು, ಯಾರದೋ ನಾಲಿಗೆಯ ಹುಣ್ಣು, ಯಾರದೋ ಮೂತ್ರಕೋಶದ ಗಡ್ಡೆ, ಹೀಗೆ ದಿನಕ್ಕೆ ಆರೇಳು ಡಬ್ಬಿ. ಹೋಗಿಬಂದರೆ ನೂರಿಪ್ಪತ್ತು ಕಿಲೋಮೀಟರ್. ಎಂಟು ವರ್ಷದಿಂದ ಚೀಲವನ್ನು ಒಂದು ದಿನವೂ ಬಸ್ಸಿನ ಮೇಲಿನ ಕಂಬಿಗೆ ಏರಿಸಿಲ್ಲ, ತೊಡೆಯ ಮೇಲೇ ಇರಬೇಕು. ಪಕ್ಕದವರು ಮೂಗು ಮುಚ್ಚಿಕೊಂಡು ಏನಮ್ಮ ಅದು ಎಂದರೆ, "ಉಪ್ಪಿನಕಾಯಿ ಅಂತೀನಿ ಸಾ. ನಿಜ ಏಳುದ್ರೆ ಬಸ್ಸೇ ಖಾಲಿಯಾಯ್ತದೆ" ಎಂದು ಪೇಪರಿನವರಾದ ನಮಗೆ ಹೇಳಿ ನಗುತ್ತಾರೆ.

ಅವರು ನಗುವುದು ಅಷ್ಟೇ. ಗಂಡ ಮುದ್ದಯ್ಯನವರ ಮಾತು ಬಂದರೆ ಮುಖ ಇಳಿದುಹೋಗುತ್ತದೆ.

ಮುದ್ದಯ್ಯ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದವರು. ಮೂವತ್ತು ವರ್ಷ ಬಣ್ಣದ ಹಂಡೆಯ ಮುಂದೆ ನಿಂತವರಿಗೆ ಮೂತ್ರ ಕೆಂಪಗೆ ಹೋದಾಗ ಗಾಬರಿಯಾಗಲಿಲ್ಲ. ನೋವೂ ಇರಲಿಲ್ಲ. ಉಷ್ಣ ಎಂದುಕೊಂಡು ಎಳನೀರು, ಬಾರ್ಲಿ ಗಂಜಿ ಕುಡಿಯುತ್ತ ಒಂಬತ್ತು ತಿಂಗಳು ತಳ್ಳಿದರು. ಕೊನೆಗೆ ಆಪರೇಷನ್ ಆದದ್ದು ಒಂದು ಶನಿವಾರ. ಸೋಮವಾರ ಮೈಸೂರಿನ ಲ್ಯಾಬಿಗೆ ಒಯ್ಯಿರಿ ಎಂದು ನರ್ಸಿಂಗ್ ಹೋಮಿನವರು ಚೂರಿನ ಡಬ್ಬಿಯನ್ನು ಹೆಂಡತಿಯ ಕೈಗಿತ್ತರು. ತೆರೆಯಬೇಡಿ ಎಂದು ಯಾರೂ ಹೇಳಲಿಲ್ಲ.

"ನಮ್ಮದು ನೂಲು ಜಾಲಿಸೋ ಕೈ ಸಾ. ನೀರು ತಿಳಿಯಾಗೋ ತಂಕ ಬುಡದಿಲ್ಲ. ಆ ನಾತದ ನೀರ ಚೆಲ್ಲಿ, ಮೂರು ಸಲ ಜಾಲಿಸಿ, ಬಾವಿ ನೀರು ತುಂಬಿಸ್ದೆ. ಚೊಕ್ಕಟವಾಗಿ ತಕಂಡೋದೆ."

ಲ್ಯಾಬಿನ ಟೆಕ್ನಿಷಿಯನ್ ಉದಯಕುಮಾರ್ ಚೂರನ್ನು ಮೇಣದಲ್ಲಿ ಕೂರಿಸಿ, ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕುವವರು. ಗಡ್ಡೆ ಯಾವ ಗ್ರೇಡಿನದು ಎಂದು ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕು. ಲೋ ಗ್ರೇಡ್ ಆದರೆ ಹೋಗಿ ಹೋಗಿ ಬರುವ ಕಾಟ. ಹೈ ಗ್ರೇಡ್ ಆದರೆ ಗೋಡೆ ಕೊರೆದು ಮಾಂಸಕ್ಕಿಳಿಯುವ ಜಾತಿ, ತಡಮಾಡುವಂತಿಲ್ಲ. ಕಣ್ಣಿಗೆ ಖಚಿತವಾಗದಿದ್ದರೆ ಮಾರ್ಕರ್ ಎಂಬ ಇನ್ನೊಂದು ಬಗೆಯ ಬಣ್ಣವಿದೆ; ಬೇಗ ಬೇಗ ಬೆಳೆಯುವ ಕಣಗಳನ್ನು ಅದು ಕಂದುಬಣ್ಣದಲ್ಲಿ ಎದ್ದು ತೋರಿಸುತ್ತದೆ.

ರಿಪೋರ್ಟಿಗೆ ಹೋದ ವಸಂತಮ್ಮನಿಗೆ ಉದಯಕುಮಾರ್ ಹೇಳಿದ್ದು ಒಂದೇ ಮಾತು: "ಚೂರು ಕೊಳೆತಿದೆಯಮ್ಮ, ಬಣ್ಣ ಹಿಡೀತಿಲ್ಲ." ಬಣ್ಣಗಾರನ ಹೆಂಡತಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ನೀರು ಬದಲಾಯಿಸಿದ್ದು ಯಾರು ಎಂದು ಅವರು ಕೇಳಿದರು. ಗೊತ್ತಿಲ್ಲ ಎಂದು ಈಕೆ ಬಂದುಬಿಟ್ಟರು.

ಇನ್ನೊಮ್ಮೆ ಚೂರು ತೆಗೆಸಲು ಮುದ್ದಯ್ಯ ಒಪ್ಪಲಿಲ್ಲ. ಒಂದು ಸಲ ಕೊಟ್ಟಾಗಿದೆ, ಕೆಡಿಸಿದ್ದು ಲ್ಯಾಬಿನವರು ಎಂದು ಹಟ ಹಿಡಿದು ಐದು ತಿಂಗಳು ಕಳೆದರು. ಎರಡನೇ ಚೂರು ಬಣ್ಣ ಹಿಡಿಯಿತು, ಹೈ ಗ್ರೇಡ್. ಅಷ್ಟರಲ್ಲಿ ಅದು ಮಾಂಸಕ್ಕಿಳಿದಿತ್ತು. ಹನ್ನೊಂದು ತಿಂಗಳಿಗೆ ಅವರು ಹೋದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ವರ್ಷ ಕಳೆದ ಮೇಲೆ ವಸಂತಮ್ಮ ಅದೇ ಲ್ಯಾಬಿಗೆ ಹೋಗಿ ಡಬ್ಬಿ ಹೊರುವ ಕೆಲಸ ಕೇಳಿದರು. ಕೊಳ್ಳೇಗಾಲದ ಸೀಮೆಯ ಡಬ್ಬಿಗಳು ಇನ್ನು ಬೇರೆಯವರ ಕೈಗೆ ಸಿಗಕೂಡದು ಎಂಬುದೊಂದೇ ಅವರ ಆಸೆ.

ಎಂಟನೇ ದಿನ ಚಿಕ್ಕಮಾದಯ್ಯನವರ ರಿಪೋರ್ಟ್ ಸಿದ್ಧವಾಗುತ್ತದೆ. ಲ್ಯಾಬಿನ ಕಿಟಕಿಯಲ್ಲಿ ಉದಯಕುಮಾರ್, "ಮಾರ್ಕರ್ ಬಣ್ಣ ಚೆನ್ನಾಗಿ ಹಿಡಿದಿದೆ, ವಸಂತಮ್ಮ" ಎನ್ನುತ್ತಾರೆ. ವಸಂತಮ್ಮನ ಮುಖ ಅರಳುತ್ತದೆ. ಮರುಗಳಿಗೆಯೇ ನಾಚಿಕೆಯಿಂದ ತಲೆ ತಗ್ಗುತ್ತದೆ. ಬಣ್ಣ ಅಷ್ಟು ಗಾಢವಾಗಿ ಹಿಡಿದಿದೆ ಎಂದರೆ ಕಾಯಿಲೆ ಅಷ್ಟು ಉಗ್ರ. ಹೈ ಗ್ರೇಡ್. ಆದರೆ ಮಾಂಸಕ್ಕಿನ್ನೂ ಇಳಿದಿಲ್ಲ. ಮೂತ್ರಕೋಶಕ್ಕೇ ಔಷಧಿ ಬಿಡುವ ಚಿಕಿತ್ಸೆ ಮುಂದಿನ ವಾರವೇ ಶುರುವಾಗಬೇಕು. ಬದುಕುತ್ತಾರೆಂದು ಯಾರೂ ಮಾತು ಕೊಡುವುದಿಲ್ಲ.

"ಕೆಟ್ಟ ಸುದ್ದಿನೇ ಸಾ. ಆದ್ರೂ ಒತ್ತಿಗೆ ಸರಿಯಾಗಿ ಬಂತು. ನಮ್ಗೆ ಅದೂ ಬರ್ಲಿಲ್ಲ" ಎನ್ನುತ್ತ ರಿಪೋರ್ಟಿನ ಲಕೋಟೆಯನ್ನು ಖಾಲಿ ಚೀಲದೊಳಗೆ ಮಡಿಸದೆ ಇಡುತ್ತಾರೆ.

ವಾಪಸು ಬಸ್ಸು ಹತ್ತುವ ಮುನ್ನ ಪೇಪರಿಗೆಂದು ಒಂದು ಫೋಟೋ ಕೇಳಿದರೆ ವಸಂತಮ್ಮ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಾರೆ.

"ಫೋಟೋ ಬ್ಯಾಡಿ ಸಾ. ಒಂದು ಮಾತು ಬರೀರಿ, ಸಾಕು. ಲ್ಯಾಬಿನೋರು ಕೆಡುಸ್ಬುಟ್ರು ಅಂತಲೇ ಸಾಯೋ ತಂಕ ಬೈಕಂಡೋದ್ರು ನಮ್ಮೆಜಮಾನ್ರು. ಪಕ್ಕದಲ್ಲೇ ಕುಂತಿದ್ದೆ, ಬಾಯಿ ಬುಡ್ಲಿಲ್ಲ. ತೊಳ್ದೋಳು ನಾನು ಅಂತ ಬರೀರಿ. ಓದ್ದೋರಾದ್ರೂ ಆ ನೀರ ಚೆಲ್ದೆ ಇರ್ಲಿ."