ಅಪ್ಪನ ನಾಲ್ಕನೆಯ ಇಯತ್ತೆ

ನಾನು ಚಿಕ್ಕವಳಿದ್ದಾಗ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಕಡೆ ಕೂರಲಾರದೆ ಒದ್ದಾಡಿದ್ದೆ. ಯಾಕೆಂದು ಯಾರಿಗೂ ಹೇಳಿಲ್ಲ. ಇವತ್ತು ಮೊಮ್ಮಕ್ಕಳಾದ ನಿಮಗೆ ಹೇಳುತ್ತೇನೆ, ಕೇಳಿ.

ನಾವಿದ್ದದ್ದು ಠಾಣೆ ಪಟ್ಟಣದಲ್ಲಿ, ಕಾರ್ಖಾನೆಗಳೇ ತುಂಬಿದ್ದ ವಾಗ್ಳೆ ಎಸ್ಟೇಟಿನ ಹಿಂದಿನ ಸಾಲುಮನೆಗಳ ಚಾಳಿನಲ್ಲಿ. ಒಂದೇ ಖೋಲಿ, ಆರು ಮಂದಿ. ಗಾಳಿ ಬೀಸಿದರೆ ಸುಟ್ಟ ಎಣ್ಣೆಯ ವಾಸನೆ, ಜೊತೆಗೆ ಕಬ್ಬಿಣ ಉಜ್ಜುವ ಕಿರ್ರ್ ಸದ್ದು. ವಿಜಾಪುರದ ಕಡೆಯಿಂದ ಬಂದ ಅಪ್ಪ ಅಲ್ಲೊಂದು ಪಂಪಿನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ಯಂತ್ರ ಕೆಟ್ಟರೆ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಯಾವ ಬೇರಿಂಗ್ ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದ.

ಆ ವರ್ಷ ಫೋರ್ಮನ್ ನಿವೃತ್ತನಾದ. ಫೋರ್ಮನ್‌ಗೆ ಕಂಪನಿಯದೇ ಎರಡು ಖೋಲಿಯ ಮನೆ, ಒಳಗೇ ನಳ. ಆ ಜಾಗ ಅಪ್ಪನಿಗೇ ಎಂದು ಎಲ್ಲರೂ ಅಂದರು. ಅಷ್ಟರಲ್ಲಿ ಹತ್ತನೆಯ ಇಯತ್ತೆ ಪಾಸಾದವರೇ ಬೇಕೆಂದು ಹೊಸ ನಿಯಮ ಬಂತು, ಶಾಲೆಯ ದಾಖಲೆ ಕೇಳಿದರು. ಅಪ್ಪ ಕಲಿತದ್ದು ನಾಲ್ಕು. ಆದರೂ ಇಷ್ಟು ವರ್ಷದ ಕೆಲಸ ನೋಡಿ ಒಪ್ಪುತ್ತಾರೆ ಎಂದು ನಂಬಿದ್ದ. ದಾಖಲೆ ಕನ್ನಡದಲ್ಲಿತ್ತು, ಸಾಹೇಬರಿಗೆ ಕನ್ನಡ ಬಾರದು. ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ, ಒಂಬತ್ತನೆಯ ಇಯತ್ತೆಯಲ್ಲಿದ್ದ ಅಕ್ಕನ ಪಾಲಿಗೆ ಬಂತು.

ಅಕ್ಕ ಇದ್ದದ್ದನ್ನೇ ಬರೆಯಹೊರಟಿದ್ದಳು. ನಾನು ಬಿಡಲಿಲ್ಲ.

"ಹತ್ತು ಅಂತ ಬರಿ ಅಕ್ಕಾ, ಅಲ್ಲಿ ಕನ್ನಡ ಓದಾವ್ರು ಯಾರದಾರ?" ಎಂದು ಬೆನ್ನು ಹತ್ತಿದೆ. ಹೊಸ ಮನೆಯ ಆಸೆ ನನಗೆ ಅಷ್ಟಿತ್ತು. ಅಕ್ಕ ಎರಡು ಸಲ ಬಾಗಿಲ ಕಡೆ ನೋಡಿದಳು, ಆಮೇಲೆ ಬರೆದಳು. ಇಂಗ್ಲಿಷ್ ಓದಲು ಬಾರದ ಅಪ್ಪ ಹಾಳೆಯನ್ನು ಜೋಪಾನವಾಗಿ ಮಡಚಿ, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದ.

ಅವನು ಹೋದದ್ದೇ ತಡ, ಸಿಕ್ಕಿಬಿದ್ದರೆ ಅಪ್ಪನ ಕೆಲಸವೇ ಹೋದೀತೆಂಬ ಭಯ ಹತ್ತಿತು. ಅವ್ವ ಕೊಟ್ಟ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆದ್ದೆ. ರಸ್ತೆ ಕೂಡುವ ನಾಕಾದವರೆಗೆ ಓಡುವುದು, ತಿರುಗಿ ಬರುವುದು, ಇದೇ ಆಯಿತು. ನಳದ ಸಾಲಿನಲ್ಲಿ ಕೊಡ ಇಟ್ಟು ಮರೆತು ಬಂದು ಅವ್ವನಿಂದ ಬೈಸಿಕೊಂಡೆ. ಸಂಜೆ ಕಾರ್ಖಾನೆಯ ಭೋಂಗಾ ಕೂಗಿದಾಗ ಅಕ್ಕನ ಮುಖ ನೋಡಿದೆ, ಅವಳದೂ ಬಿಳಿಚಿತ್ತು.

ಅಪ್ಪ ಬಂದು ಚಪ್ಪಲಿ ಬಿಟ್ಟು ಕೂತ. ಸಾಹೇಬರು ಹಾಳೆ ಓದಿ ಖುಷಿಯಿಂದ 'ದಸವೀ ಪಾಸ್' ಎಂದರಂತೆ, ಆರ್ಡರ್ ಬರೆಯಲು ಪೆನ್ನೂ ತೆಗೆದರಂತೆ. ಅಪ್ಪ ಅಲ್ಲೇ ತಡೆದು, "ನಹೀ ಸಾಹೇಬ್, ಚೌಥಿ," ಎಂದನಂತೆ, ಕಲಿತದ್ದು ನಾಲ್ಕೇ, ಮಗಳು ತಪ್ಪು ಬರೆದಿದ್ದಾಳೆ ಎಂದು ಹೇಳಿದನಂತೆ. ಪೆನ್ನು ಜೇಬಿಗೆ ಹೋಯಿತು, ಮನೆಯೂ ಹೋಯಿತು.

ಅಪ್ಪ ಅಕ್ಕನನ್ನು ಬೈಯಲಿಲ್ಲ. "ನಾಕನೇತ್ತೆ ಅನ್ನಾಕ ನಾನ ನಾಚಿಲ್ಲ. ನೀ ಯಾಕ ನಾಚಿದಿ?" ಎಂದಷ್ಟೇ ಕೇಳಿದ. ಅಕ್ಕ ತಲೆ ತಗ್ಗಿಸಿದಳು, ನನ್ನ ಹೆಸರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ಹೇಡಿತನಕ್ಕೆ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ. ವಾರದಲ್ಲಿ ಹತ್ತು ಪಾಸಾದ ಹೊಸ ಫೋರ್ಮನ್ ಬಂದ. ಯಂತ್ರಕ್ಕೆ ಕಿವಿ ಕೊಡುವುದನ್ನು ಅವನಿಗೆ ಕಲಿಸಿದ್ದೂ ಅಪ್ಪನೇ.

ನಿಮ್ಮ ದೊಡ್ಡಕ್ಕ ಈಗ ಐರೋಲಿಯ ಆಫೀಸಿನಲ್ಲಿ ಕೆಲಸಕ್ಕೆ ಜನರನ್ನು ಆರಿಸುತ್ತಾಳಲ್ಲ, ಡಿಗ್ರಿ ಇಲ್ಲದೆ ಇಪ್ಪತ್ತು ವರ್ಷ ದುಡಿದವನು ಅರ್ಜಿ ಹಾಕಿದರೆ ಏನು ಮಾಡುತ್ತೀ ಎಂದು ಮೊನ್ನೆ ಕೇಳಿದೆ. "ಅಜ್ಜಿ, ವೋ ಮೇರೆ ತಕ್ ಆತಾ ಹೀ ನಹೀ, ಕಂಪ್ಯೂಟರ್ ಪೆಹ್ಲೇ ಹೀ ಹಟಾ ದೇತಾ ಹೈ," ಎಂದಳು. ಅಂಥವನ ಅರ್ಜಿಯನ್ನು ಕಂಪ್ಯೂಟರೇ ಮೊದಲು ತೆಗೆದುಹಾಕುತ್ತದಂತೆ, ಅವಳವರೆಗೆ ಬರುವುದೇ ಇಲ್ಲವಂತೆ. ಅವಳದೇನೂ ತಪ್ಪಿಲ್ಲ, ನಿಯಮ ಅವಳು ಮಾಡಿದ್ದಲ್ಲ. ಆದರೂ ಅಂದಿನಿಂದ ನನಗೆ ಸಮಾಧಾನವಿಲ್ಲ. ನಮ್ಮ ಅಪ್ಪನಿಗೆ ಮನೆ ಸಿಗಲಿಲ್ಲ ನಿಜ, ಆದರೆ ತಾನು ಕಲಿತದ್ದು ನಾಲ್ಕೇ ಎಂದು ಹೇಳಲು ಎದುರಿಗೆ ಒಬ್ಬ ಮನುಷ್ಯನಾದರೂ ಕೂತಿದ್ದ.