ಲಾಭ, ಎರಡು, ಮೂರು

ಅಪ್ಪ ಹಾವೇರಿ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸು ಕೂಗುತ್ತಿದ್ದ. ‘ಬ್ಯಾಡಗಿ’ ಎನ್ನುವಲ್ಲಿ ಮಾತ್ರ ತಪ್ಪದೆ ಕೆಮ್ಮು ಬರುತ್ತಿತ್ತು.

ಊರಿನವರನ್ನೆಲ್ಲ ಅಣಕಿಸುವ ನಾನು ಅಪ್ಪನನ್ನು ಬಿಟ್ಟೇನೆಯೇ? “ಬ್ಯಾಡಗಿ ಹೆಸರು ತಗೊಂಡ್ರ ಸಾಕು, ನಮ್ಮಪ್ಪಗ ಮೆಣಸಿನಕಾಯಿ ಘಾಟು ಹತ್ತತೈತಿ” ಎಂದು ಕೆಮ್ಮಿ ತೋರಿಸಿ ಗೆಳೆಯರನ್ನು ನಗಿಸುತ್ತಿದ್ದೆ.

ಅದು ಮೆಣಸಿನಕಾಯಿ ಘಾಟು ಆಗಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪ ಪಾಟಿಯ ಮೇಲೆ ಬಳಪದಿಂದ ಬರೆದು ಮಾತಾಡತೊಡಗಿದ. ಆಪರೇಷನ್ನಿನ ಹಿಂದಿನ ದಿನ ಅವನ ಕೂಗನ್ನು ನಾನು ಕಂಪ್ಯೂಟರಿಗೆ ತುಂಬಿಟ್ಟಿದ್ದೆ. ಅವನ ದನಿ ಅಂತ ಉಳಿದದ್ದು ಅದೊಂದೇ. ಅದನ್ನು ಸೀಡಿಗೆ ಹಾಕಿಡುವುದನ್ನು ನಾಳೆ, ನಾಡಿದ್ದು ಎಂದು ಮುಂದೂಡುತ್ತ ಹೋದೆ.

ಆಗಲೇ ನನಗೆ, ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಹುಚ್ಚು ಹತ್ತಿದ್ದು. ಅದೂ ಸಿದ್ಧ ಅಡುಗೆಯಂಥದ್ದಲ್ಲ. ಪ್ರತಿಯೊಂದನ್ನೂ ಸೋರ್ಸ್ ಎಂಬ ಮೂಲ ಬರಹದಿಂದ ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ ಕಟ್ಟಿಕೊಳ್ಳುವಂಥದ್ದು. ಸೀಡಿ ಕೊಟ್ಟವನು ರಾಣೆಬೆನ್ನೂರಿನ ಗೆಳೆಯ, ಬೀಜದ ಅಂಗಡಿಯವರ ಮಗ. ನನ್ನ ಡಿಸ್ಕನ್ನು ಮೂರು ಪಾಲು ಮಾಡಿಕೊಟ್ಟವನೂ ಅವನೇ: ಒಂದರಲ್ಲಿ ವಿಂಡೋಸ್, ಒಂದರಲ್ಲಿ ಅಪ್ಪನ ದನಿಯೂ ಇದ್ದ ನನ್ನ ಫೈಲುಗಳು, ಇನ್ನೊಂದು ಖಾಲಿ. ಕಪ್ಪು ಪರದೆಯಲ್ಲಿ ಆ ಮೂರೂ ಒಂದೇ ಅಳತೆಯ ಮೂರು ಸಾಲಾಗಿ ಕಂಡವು. ಯಾವುದು ಯಾವುದೆಂದು ತಿಳಿಯದೆ ಫೋನ್ ಮಾಡಿದೆ.

“ಲಾಭದಾಗ ವಿಂಡೋಸ್ ಐತಿ, ಮುಟ್ಟಬ್ಯಾಡ. ಎರಡನೇದು ಖಾಲಿ ಐತಿ, ಅಳಸು.”

“ಲಾಆಭದಾಗ ವಿಂಡೋಸ್ ಐತಿ ಏನ್ರೀ ಸಾವ್ಕಾರ್ರ?” ಅವನದೇ ದನಿ ತೆಗೆದೆ.

“ಲೇ ಮಂಗ್ಯಾ, ಚ್ಯಾಷ್ಟಿ ಬಿಡು. ತಿಳೀತಿಲ್ಲೋ?”

“ತಿಳೀತು ತಗೋ” ಎಂದೆ. ಕೇಳಬೇಕಾದ್ದನ್ನು ಕೇಳಲಿಲ್ಲ, ಅಣಕಿಸುವುದರಲ್ಲೇ ಫೋನ್ ಇಟ್ಟಾಗಿತ್ತು.

ಕಾಳು ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಇದು ನನಗೂ ಗೊತ್ತಿತ್ತು. ಆದರೆ ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದೆ ಎಂದು ಆ ವಾರವೇ ಓದಿದ್ದೆ. ಹಾಗಾದರೆ ಲಾಭವೆಂದರೆ ಸೊನ್ನೆ ಎಂದುಕೊಂಡೆ. ಲಾಭ, ಒಂದು, ಎರಡು. ಬೆರಳು ಮೂರನೇ ಸಾಲಿಗೆ ಬಂತು. ಅದನ್ನೇ ಅಳಿಸಿದೆ.

ಅಳಿಸಿದ ಜಾಗದ ಮೇಲೆ ಮೂರು ದಿನ ಕಂಪೈಲ್ ಮಾಡಿದೆ. ಕರೆಂಟ್ ಹೋಗುತ್ತಿತ್ತು, ಬರುತ್ತಿತ್ತು; ನಾನು ಮತ್ತೆ ಶುರು ಮಾಡುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕುಳಿತು ಪರದೆಯಲ್ಲಿ ಓಡುವ ಅಕ್ಷರಗಳನ್ನು ನೋಡುತ್ತಿದ್ದ. ಕೊನೆಗೆ ಕಟ್ಟಿದ್ದು ಹಾಡು ನುಡಿಸುವ ತಂತ್ರಾಂಶ. ಅಪ್ಪ ಪಾಟಿಯ ಮೇಲೆ ಬರೆದ: “ನಂದು ಹಚ್ಚು.”

ಹುಡುಕಿದೆ. ಖಾಲಿ ಇರಬೇಕಾದ ಎರಡನೆಯದು ಖಾಲಿಯಾಗಿಯೇ ಇತ್ತು. ಅಪ್ಪನ ದನಿ ಇದ್ದ ಮೂರನೆಯದರ ತುಂಬ ನನ್ನ ಹೊಸ ಲಿನಕ್ಸ್ ಕುಳಿತಿತ್ತು.

ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ. ಅವನು ಬೈಯಲಿಲ್ಲ. “ಲಾಭ ಅಂದ್ರ ಒಂದು ಅಲ್ಲೇನೋ” ಎಂದ, ಮೆಲ್ಲಗೆ. ಆ ದನಿಯನ್ನು ನಾನು ಇವತ್ತಿಗೂ ಅಣಕಿಸಿಲ್ಲ.

ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಪಾಟಿಯನ್ನು ಒರೆಸಿ ತೊಡೆಯ ಮೇಲೆ ಇಟ್ಟುಕೊಂಡ. ನನಗೆ ಬೇರೆ ದಾರಿ ತೋಚಲಿಲ್ಲ. ಎದ್ದು ನಿಂತು ಅವನ ದನಿ ತೆಗೆದೆ. ಜೀವನದಲ್ಲಿ ಮೊದಲ ಸಲ ನಗಿಸಲಿಕ್ಕಲ್ಲ.

“ಬ್ಯಾಡಗಿ, ರಾಣೆಬೆನ್ನೂರು ಕಡೆ ಹೋಗುವ ಪ್ರಯಾಣಿಕರು...”

ಅಪ್ಪ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಬಳಪ ಹುಡುಕಿ ಬರೆದು, ಪಾಟಿಯನ್ನು ನನ್ನ ಕಡೆ ತಿರುಗಿಸಿದ.

“ಕೆಮ್ಮು ಬಿಟ್ಟಿ.”

ಮತ್ತೆ ಶುರು ಮಾಡಿದೆ. ಬ್ಯಾಡಗಿಯವರೆಗೆ ಬಂದೆ. ನೂರು ಸಲ ಕೆಮ್ಮಿ ತೋರಿಸಿದ್ದವನಿಗೆ ಆ ಹೊತ್ತು ಕೆಮ್ಮು ಬರಲಿಲ್ಲ.