ಭಂಡಾರ ತುಳಿದ ಕಾಲು

ನನ್ನ ನೆಗೆಣ್ಣಿಯ ಹಿಮ್ಮಡಿ ತುಂಬ ಬಿರುಕು. ಆ ಬಿರುಕುಗಳಲ್ಲಿ ಬೀರೋಬಾ ದೇವರ ಭಂಡಾರ, ಅಂದರೆ ಪೂಜೆಯ ಅರಿಸಿನ ಪುಡಿ ಕೂತು, ಎಷ್ಟು ತೊಳೆದರೂ ಹೋಗದ ಹಳದಿ ಗೆರೆಗಳಾಗಿದ್ದವು. ಗಂಡನ ಅಣ್ಣನ ಹೆಂಡತಿ ಆಕೆ. ನಾನು ಅಕ್ಕ ಅನ್ನುತ್ತಿದ್ದೆ, ನನ್ನ ಮಗಳು ದೊಡ್ಡವ್ವ. ಕುರಿಹಟ್ಟಿಯಿಂದ ಬಂದವಳು ಅದೇ ಕಾಲಲ್ಲಿ ಅಡುಗೆಮನೆಗೆ ನುಗ್ಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಮಗಳಿಗೆ ಮಾತ್ರ ದೊಡ್ಡವ್ವ ಅಂದರೆ ಜೀವ.

ಮಗಳ ಕಾಲಿನದು ಬೇರೆಯೇ ಕತೆ. ನೆಲಕ್ಕೆ ಬಿದ್ದ ಭಂಡಾರ ತುಳಿದೆನೇನೋ, ಆ ಪಾಪಕ್ಕೆ ದೇವರು ಅಪ್ಪನನ್ನು ಕರೆದುಕೊಳ್ಳುತ್ತಾನೇನೋ ಎಂಬ ಅಂಜಿಕೆ. ಚರ್ಮ ಸುಲಿಯುವವರೆಗೆ ಪಾದ ತೊಳೆಯುವಳು. ಮೊದಮೊದಲು ನಾವೆಲ್ಲ ಅದನ್ನು ಭಕ್ತಿ ಅಂದುಕೊಂಡೆವು. ಬಂದವರೆದುರು ಅತ್ತೆ ಹೊಗಳಿದ್ದೇ ಹೊಗಳಿದ್ದು: "ಇಷ್ಟು ದೇವರ ಅಂಜಿಕಿ ಇದ್ದಾಕಿ ನಮ್ಮ ಮನ್ಯಾಗ ಯಾರೂ ಇಲ್ರಿ."

ಶಾಲೆ ತಪ್ಪತೊಡಗಿದಾಗ ಸೊಲ್ಲಾಪುರದ ಮನೋವೈದ್ಯರ ಬಳಿ ಹೋದೆವು. ಇದು ಭಕ್ತಿಯಲ್ಲ, ಗೀಳಿನ ಕಾಯಿಲೆ, ಹತೋಟಿಗೆ ಬರುತ್ತದೆ ಎಂದರು ಅವರು. ಅಂಜುವುದನ್ನು ಸ್ವಲ್ಪಸ್ವಲ್ಪವಾಗಿ ಮುಟ್ಟಿಸಿ, ತೊಳೆಯದೆ ಇರಲು ಕಲಿಸುವುದು ಒಂದು ದಾರಿ. ಅದು ಸಾಲದಿದ್ದರೆ ಜೊತೆಗೆ ಗುಳಿಗೆ.

ಅಕ್ಕಲಕೋಟಕ್ಕೆ ಮರಳುವ ಬಸ್ಸಿನಲ್ಲೇ ನಮ್ಮ ಗಂಡ-ಹೆಂಡಿರ ಜಗಳ ಶುರು. "ಗುಳಿಗಿ ಹಚ್ಚಿದ್ರ ಹುಡುಗಿ ಮಂಕಾಗ್ತಾಳ," ಅಂದರು ಇವರು. ಭಂಡಾರ ತುಳಿಸುವ ಮಾತಿಗೇ ನನಗೆ ನಡುಕ. "ಗುಳಿಗಿನಾ ಕೊಡೂಣ್ರಿ, ದೇವರ ಸಿಟ್ಟು ಯಾರಿಗಿ ಬೇಕು?" ಅಂದೆ. ಮನೆಗೆ ಬಂದರೆ ಅತ್ತೆಯ ಹಟ ಬೇರೆ: ಪೂಜಾರಿಯ ಹತ್ತಿರ ಒಯ್ಯಿರಿ.

ಅಕ್ಕ ತಂಬಾಕು ತಿಕ್ಕುತ್ತ ಎಲ್ಲ ಕೇಳಿದಳು. "ನೀವ್ ನೀವ ಬಡದಾಡಾಕತ್ತೀರಿ. ಆಕಿನ್ನ ಕೇಳೀರೇನು?"

ಕೇಳಿದೆವು. ತುಳಿದು ನೋಡುತ್ತೇನೆ ಅಂದಳು ಮಗಳು. "ಆದ್ರ ದೊಡ್ಡವ್ವ ಸಂಗಾಟ ಇರಬೇಕು." ಹೆತ್ತವಳು ಎದುರಿಗೇ ಕೂತಿದ್ದೆ.

ವೈದ್ಯರು ಹೇಳಿಕೊಟ್ಟಂತೆ ಅಕ್ಕ ಅಂಗಳದಲ್ಲಿ ಚಿಟಿಕೆ ಭಂಡಾರ ಚೆಲ್ಲಿದಳು. "ಮೊದಲ ನಾ ತುಳೀತೀನಿ. ನಿನಗ ಧೈರ್ಯ ಬಂದಾಗ ಬಾ." ಮಗಳು ಹೆಬ್ಬೆರಳು ಮಾತ್ರ ತಾಗಿಸಿ ಅತ್ತಳು. "ಅಪ್ಪಗ ಏನರ ಆಗ್ತದೇನು?"

ಅದಕ್ಕೆ ಅಕ್ಕನದು ಯಾವಾಗಲೂ ಒಂದೇ ಉತ್ತರ: "ನನಗೇನ ಗೊತ್ತವ್ವ. ನೋಡೂಣು ನಡಿ."

ಸಮಾಧಾನ ಹೇಳಬೇಡಿ, ಹೇಳಿದಷ್ಟೂ ಅಂಜಿಕೆ ಬೆಳೆಯುತ್ತದೆ ಎಂದು ವೈದ್ಯರು ನನಗೂ ಹೇಳಿದ್ದರು. ನನ್ನ ಬಾಯಿ ಕೇಳಬೇಕಲ್ಲ! "ಏನೂ ಆಗಂಗಿಲ್ಲ ನನ್ನವ್ವ" ಅಂದುಬಿಡುತ್ತಿದ್ದೆ. ಮಗಳು ಮತ್ತೆ ಮತ್ತೆ ಅದನ್ನೇ ಕೇಳಿ, ಕಡೆಗೆ ಬಚ್ಚಲಿಗೆ ಓಡುವಳು. ಆಮೇಲೆ ಅಕ್ಕ ಏನಾದರೂ ಕೆಲಸ ಹಚ್ಚಿ ನನ್ನನ್ನು ಹೊರಗೆ ಕಳಿಸತೊಡಗಿದಳು. ನನ್ನ ಮಗಳು, ನನ್ನ ಅಂಗಳ, ನಾನು ಮಾತ್ರ ಕಿರಾಣಿ ಅಂಗಡಿಯ ಮುಂದೆ. ಮುಂದೆ ಗುಳಿಗೆಯೂ ಬೇಕಾಯಿತು. ಇವರು ಒಪ್ಪಿದರು, ಮಗಳೇನೂ ಮಂಕಾಗಲಿಲ್ಲ. ಆ ಗುಳಿಗೆಯನ್ನೂ ದೊಡ್ಡವ್ವನ ಕೈಯಿಂದಲೇ ನುಂಗುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಎದೆನೋವು ಅಂತ ಮಲಗಿದ ಅಕ್ಕ ಏಳಲಿಲ್ಲ. ಹೆಣ ಎತ್ತುವ ಮುಂಚೆ ನಮ್ಮ ಪದ್ಧತಿಯಂತೆ ಅಂಗಳದ ತುಂಬ ಭಂಡಾರ ಹಾರಿಸಿದರು. ಹಳದಿಯಾಗದ ಜಾಗವೇ ಉಳಿಯಲಿಲ್ಲ. ಮಗಳು ಅದರ ಮೇಲೆಯೇ ಬರಿಗಾಲಲ್ಲಿ ನಡೆದು ಹೋಗಿ ದೊಡ್ಡವ್ವನ ಪಾದಕ್ಕೆ ಹಣೆ ಹಚ್ಚಿ ಅತ್ತಳು. ಹೊತ್ತು ಹೆತ್ತ ನನಗಾಗಿ ಈಕೆ ಹೀಗೆ ಅತ್ತಾಳೇ ಅಂದುಕೊಂಡೆ. ಸತ್ತವಳ ಮೇಲೂ ನನ್ನ ಹೊಟ್ಟೆಕಿಚ್ಚು ಬಿಡಲಿಲ್ಲ.

ಮಣ್ಣು ಕೊಟ್ಟು ಬಂದವರೆಲ್ಲ ಬಾಗಿಲಲ್ಲಿ ಕಾಲು ತೊಳೆಯಬೇಕು. ಕೊಡದ ಹತ್ತಿರ ನಾನೇ ನಿಂತಿದ್ದೆ. ಮಗಳು ಕಾಲು ನೀಡಿದಳು, ತಂಬಿಗೆ ನೀರು ಹಾಕಿದೆ. ಮಗಳ ಹಳೆಯ ರೂಢಿಯಂತೆ ಇನ್ನೊಂದು ತುಂಬಿಕೊಂಡೆ.

"ಸಾಕ್ ಬಿಡವ್ವ," ಅಂದು ಎಲ್ಲರ ಹಾಗೆ ಒಳಗೆ ಹೋದಳು.

ಹೋಗುವವಳ ಹಿಮ್ಮಡಿಯಲ್ಲಿ ಹಳದಿ ಇನ್ನೂ ಉಳಿದಿತ್ತು. ಹೊಟ್ಟೆ ಉರಿಯಿತು. ತುಂಬಿದ ತಂಬಿಗೆ ಕೆಳಗಿಟ್ಟು, ಅಕ್ಕ ಹೋದ ದಾರಿಗೆ ಕೈ ಮುಗಿದೆ.